ಆಯಿಲ್ ಲೈಟ್ ಮಿಣುಕಿದರೆ ಮೊದಲು ಗೇಜ್ ಹಾಕಿ
ಹಳೇ ಜೀಪಿನ ಆಯಿಲ್ ಲೈಟ್ ಮಿಣುಕಿತು ಅಂತ ತಕ್ಷಣ ಇಂಜಿನ್ ಬಿಚ್ಚಿಸಬೇಡಿ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಸರಿಯಿದ್ದರೆ, ಪ್ರೆಶರ್ ಸ್ವಿಚ್ (ಆಯಿಲ್ ಒತ್ತಡ ಇಳಿದಾಗ ಈ ಲೈಟ್ ಹೊತ್ತಿಸುವ ಸ್ವಿಚ್) ತೆಗೆದು ಅದೇ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿಸಿ ನೋಡಿ. ಗೇಜ್ ಒತ್ತಡವನ್ನು ನೇರವಾಗಿ ಅಳೆಯುತ್ತದೆ, ಸ್ವಿಚ್ಚೋ ವೈರೋ ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆದರೆ ಮುಳ್ಳಯ್ಯನಗಿರಿ ಹತ್ತಿ ಬಂದಷ್ಟು ಇಂಜಿನ್ ಬಿಸಿಯಾಗಿರಬೇಕು. ಚಿಕ್ಕಮಗಳೂರಿನ ಬೆಳಗಿನ ಚಳಿಯಲ್ಲಿ ಆಯಿಲ್ ಗಟ್ಟಿ ಇರುತ್ತದೆ, ಬೇರಿಂಗ್ ಸವೆದಿದ್ದರೂ ಒತ್ತಡ ಚೆನ್ನಾಗೇ ಕಾಣುತ್ತದೆ. ಇಂಜಿನ್ ವೇಗದ ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಒತ್ತಡ ಇರಬೇಕು ಅನ್ನೋದು ಹಳೇ ಲೆಕ್ಕ, ನಿಮ್ಮ ಗಾಡಿಯ ಮ್ಯಾನ್ಯುಯಲ್ಲೂ ನೋಡಿಕೊಳ್ಳಿ. ಗೇಜಿನಲ್ಲೂ ಕಡಿಮೆ ಬಂದರೆ ತಪ್ಪು ಪಂಪಿನದೋ, ಸ್ಟ್ರೈನರಿನದೋ (ಆಯಿಲ್ ಸೋಸುವ ಜಾಲರಿ), ಬೇರಿಂಗಿನದೋ ಅಂತ ಇದರಿಂದ ಗೊತ್ತಾಗುವುದಿಲ್ಲ. ದಪ್ಪ ಆಯಿಲ್ ಸುರಿದು ಲೈಟ್ ಆರಿಸುವುದು ಸುಮ್ನೆ ಕಣ್ಣಿಗೆ ಮಣ್ಣೆರಚಿದ ಹಾಗೆ. ಒಳಗೆ ಕಟಕಟ ಸದ್ದು ಬರುತ್ತಿದ್ದರೆ ಗೇಜೂ ಬೇಡ, ಅಲ್ಲೇ ಆಫ್ ಮಾಡಿ ಟೋ ಮಾಡಿಸಿ.