ಕಾದಂಬರಿ ಆಧರಿಸಿದ ಚಿತ್ರವನ್ನು ನೋಡುವ ಬಗೆ

ಸಾಹಿತ್ಯ ಕೃತಿಯನ್ನು ಆಧರಿಸಿದ ಚಲನಚಿತ್ರವನ್ನು ಅರಿತು ನೋಡಬೇಕೆನ್ನುವವರು ಮೊದಲು ಮೂಲವನ್ನು ಓದಿ, ಕೆಲವು ವಾರ ಬಿಟ್ಟು ಚಿತ್ರ ನೋಡುವುದು ಒಳ್ಳೆಯದು. ಓದಿದ್ದು ಇನ್ನೂ ಹಸಿಯಾಗಿರುವಾಗ ನೋಡಿದರೆ ಬಿಟ್ಟುಹೋದದ್ದರ ಲೆಕ್ಕವೇ ಮುಂದಾಗಿ, ತೆರೆಯ ಮೇಲಿರುವುದು ಕಣ್ಣಿಗೆ ಬೀಳುವುದಿಲ್ಲ.

ತುಮಕೂರಿನವರಿಗೆ ನಾನು ಮೊದಲು ಸೂಚಿಸುವ ಚಿತ್ರ 1972ರ ‘ನಾಗರಹಾವು’. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದೇ ಚಿತ್ರಕ್ಕೆ ಇಳಿಸಿರುವುದರಿಂದ, ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಕೈಬಿಟ್ಟರು ಎಂದು ಗುರುತಿಸುವ ಅಭ್ಯಾಸಕ್ಕೆ ಇಷ್ಟು ತಕ್ಕ ಉದಾಹರಣೆ ವಿರಳ. ಮೊದಲ ಸಲ ಕಥೆಗಾಗಿಯೇ ನೋಡಿ. ಎರಡನೆಯ ಸಲ ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟ್ರು ಮುಖಾಮುಖಿಯಾಗುವ ಒಂದೇ ದೃಶ್ಯವನ್ನು ಆರಿಸಿಕೊಂಡು, ಧ್ವನಿಯನ್ನು ಪೂರ್ತಿ ಅಡಗಿಸಿ, ಕ್ಯಾಮೆರಾ ಯಾರ ಪಕ್ಕದಲ್ಲಿದೆ, ಯಾರ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಯಾವ ಗಳಿಗೆಯಲ್ಲಿ ಶಾಟ್ ಬದಲಾಗುತ್ತದೆ ಎಂಬುದನ್ನಷ್ಟೇ ಗಮನಿಸಿ. ಅನಂತರ ಅದನ್ನೇ ಕಣ್ಣು ಮುಚ್ಚಿ ಕೇಳಿ. ಕೊನೆಗೆ ಪುಸ್ತಕ ತೆರೆದು, ಲೇಖಕರು ಪಾತ್ರದ ಮನಸ್ಸನ್ನು ಹೊಕ್ಕು ಹೇಳಿದ ಮಾತನ್ನು ನಿರ್ದೇಶಕರು ಯಾವುದಕ್ಕೆ ವಹಿಸಿದ್ದಾರೆ, ನಟನ ಮೌನಕ್ಕೋ, ಸಂಗೀತಕ್ಕೋ, ಹಿಂದೆ ಕಾಣುವ ಬಂಡೆಗೋ ಎಂದು ಹುಡುಕಿ. ಶಿರಾ, ಹಿರಿಯೂರು ದಾಟಿದರೆ ಈ ಕಥೆ ನಡೆಯುವ ಊರಾದ ಚಿತ್ರದುರ್ಗ. ಒಂದೇ ದಿನದಲ್ಲಿ ಹೋಗಿಬರಬಹುದು. ಆ ಕೋಟೆಯ ಹರವನ್ನು ಒಮ್ಮೆ ಕಣ್ಣಾರೆ ಕಂಡವರಿಗೆ, ಚೌಕಟ್ಟಿನೊಳಗೆ ಅದರಲ್ಲಿ ಎಷ್ಟಕ್ಕೆ ಮಾತ್ರ ಜಾಗ ಸಿಕ್ಕಿದೆಯೆಂಬುದು ತಾನೇ ತಿಳಿಯುತ್ತದೆ. ಚಿತ್ರ ತ.ರಾ.ಸು. ಅವರಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಪ್ರಸಿದ್ಧ. ಆ ಅಸಮಾಧಾನ ಕೃತಿಕಾರರ ಹಕ್ಕು, ಆದರೆ ಪ್ರೇಕ್ಷಕರು ಅದನ್ನೇ ಅಳತೆಗೋಲಾಗಿಸಿಕೊಳ್ಳಬೇಕಿಲ್ಲವೆಂದು ನನ್ನ ಅಭಿಪ್ರಾಯ.

ನಾಟಕದಿಂದ ಬಂದ ಚಿತ್ರಗಳನ್ನು ನೋಡುವ ಕ್ರಮ ಬೇರೆ. ನಮ್ಮ ಜಿಲ್ಲೆಯ ಗುಬ್ಬಿಯ ಹೆಸರು ಹೊತ್ತ ನಾಟಕ ಕಂಪನಿಯ ರಂಗದಿಂದ ಬಂದು, 1954ರಲ್ಲಿ ರಾಜ್‌ಕುಮಾರ್ ಅವರನ್ನು ನಾಯಕರಾಗಿ ಪರಿಚಯಿಸಿದ ‘ಬೇಡರ ಕಣ್ಣಪ್ಪ’ವನ್ನು ನೋಡುವಾಗ, ಕೊನೆಯ ಸಾಲಿನವರಿಗೂ ಕೇಳಿಸಲೆಂಬಂತೆ ಆಡಿದ ಮಾತು ಎಲ್ಲಿದೆ, ಕ್ಯಾಮೆರಾ ಮುಖದ ಹತ್ತಿರ ಬಂದಾಗ ಅಭಿನಯ ಎಷ್ಟು ತಗ್ಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ.

ಇಷ್ಟು ರೂಢಿಯಾದ ಮೇಲೆ, ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಗಿರೀಶ್ ಕಾಸರವಳ್ಳಿ 1977ರಲ್ಲಿ ಕಪ್ಪು ಬಿಳುಪಿನಲ್ಲಿ ತೆರೆಗೆ ತಂದ ‘ಘಟಶ್ರಾದ್ಧ’ಕ್ಕೆ ಬನ್ನಿ. ಬಾಲಕ ನಾಣಿಗೆ ಅರ್ಧ ಮಾತ್ರ ಅರ್ಥವಾಗುವ ಸಂಗತಿಯನ್ನು ಪ್ರೇಕ್ಷಕರಿಗೆ ಪೂರ್ತಿ ತಿಳಿಸುವ ಹೊಣೆ ಅಲ್ಲಿ ದೃಶ್ಯಗಳ ಮೇಲಿದೆ; ಅದು ಯಾವ ಶಾಟ್‌ನಲ್ಲಿ ನೆರವೇರಿತೆಂದು ಬರೆದಿಟ್ಟುಕೊಂಡು, ಕಥೆಯ ಆ ಭಾಗವನ್ನು ಮತ್ತೊಮ್ಮೆ ಓದಿ.