ಕಬಡ್ಡಿ ತಂಡ ಹೊಸ ಡಿಫೆನ್ಸ್‌ಗೆ ಬದಲಾಗೋದು ಹೇಗೆ?

ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಹುಡುಗರಿಗೆ ಹಿಡಿಯೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗದ್ದೆ ಕೊಯ್ಲು ಮುಗಿದರೆ ಸಾಕು, ಸಂಜೆ ಆಟ ಶುರು. ಕಾಲಿನ ಮಣಿಗಂಟು ಹಿಡಿಯುವ ಆಂಕಲ್ ಹೋಲ್ಡ್ ಬರುತ್ತದೆ, ಮೈಯಿಂದ ಗುದ್ದಿ ಹೊರಗೆ ತಳ್ಳುವ ಡ್ಯಾಶ್ ಬರುತ್ತದೆ, ಧೈರ್ಯವಂತೂ ಬೇಕಾದಷ್ಟು ಉಂಟು. ಕಷ್ಟ ಆಗೋದು ಏಳು ಜನ ಒಟ್ಟಿಗೆ ಹೊಸ ರೀತಿಯಲ್ಲಿ ನಿಲ್ಲಬೇಕು ಅಂದಾಗ. ನಮ್ಮ ತಂಡ ವರ್ಷಗಟ್ಟಲೆ "ಯಾರಿಗೆ ಸಿಕ್ಕಿದರೆ ಅವರು ಹಿಡೀರಿ" ಅಂತ ಆಡಿತು. ಎರಡು ಸೀಸನ್ ಹಿಂದೆ ಕೈ ಕೈ ಹಿಡಿದು ನಿಲ್ಲುವ ಚೈನ್ ಡಿಫೆನ್ಸ್‌ಗೆ ಬದಲಾದೆವು, ಎಡಕ್ಕೆ ಇಬ್ಬರು, ನಡುವೆ ಮೂವರು, ಬಲಕ್ಕೆ ಇಬ್ಬರು. ಮೊದಲ ಮೂರು ಟೂರ್ನಮೆಂಟ್‌ನಲ್ಲಿ ಮೊದಲಿಗಿಂತ ಜಾಸ್ತಿ ಸೋತೆವು. ಆಮೇಲೆ ಸರಿಯಾಯಿತು. ಆ ಸೋಲಿನಲ್ಲಿ ಅರ್ಧವನ್ನಾದರೂ ನೀವು ತಪ್ಪಿಸಿಕೊಳ್ಳಬಹುದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ಅಂಕಣಕ್ಕೆ ಇಳಿಯಲೇಬೇಡಿ. ಯಾರದಾದರೂ ಮನೆ ಅಂಗಳದಲ್ಲಿ ಕೂತುಕೊಳ್ಳಿ. ನಾವು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಏಳು ಅಡಿಕೆ ಇಟ್ಟು, ದಾಳಿಗೆ ಬರುವ ರೈಡರ್ ಜಾಗಕ್ಕೆ ಒಂದು ಗೇರುಬೀಜ ಇಟ್ಟೆವು. ಗೇರುಬೀಜ ಎಡ ಕಾರ್ನರ್ (ಎಡ ತುದಿಯಲ್ಲಿ ನಿಲ್ಲುವವನು) ಕಡೆ ಹೋದಾಗ ಉಳಿದ ಆರು ಅಡಿಕೆ ಎಲ್ಲಿಗೆ ಹೋಗಬೇಕು? ಪ್ರತಿಯೊಬ್ಬನೂ ತನ್ನ ಅಡಿಕೆಯನ್ನು ತಾನೇ ಸರಿಸಬೇಕು. ನಮ್ಮಲ್ಲಿ ಐದು ಅಡಿಕೆ ಗೇರುಬೀಜದ ಮೇಲೆ ಹೋಗಿ ಬಿದ್ದವು, ಬಲಗಡೆ ಪೂರ್ತಿ ಖಾಲಿ! ನಾವು ಅಂಕಣದಲ್ಲೂ ಹಾಗೇ ಆಡುತ್ತಿದ್ದೆವು ಅಂತ ಅವತ್ತೇ ಎಲ್ಲರಿಗೂ ಕಂಡಿತು. ಬಾಯಿಮಾತಲ್ಲಿ ಹತ್ತು ಸಲ ಹೇಳಿದರೂ ಅಷ್ಟು ಅರ್ಥ ಆಗುತ್ತಿರಲಿಲ್ಲ.

ಜಾಗದ ಲೆಕ್ಕವನ್ನೂ ಆಗಲೇ ತಲೆಗೆ ಹಾಕಿಕೊಳ್ಳಿ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಅರ್ಧ 6.5 ಮೀಟರ್. ನಡುಗೆರೆಯಿಂದ ಬಾಕ್ ಲೈನ್, ಅಂದರೆ ರೈಡರ್ ದಾಟಲೇಬೇಕಾದ ಗೆರೆ, 3.75 ಮೀಟರ್, ಅಲ್ಲಿಂದ ಒಂದು ಮೀಟರ್ ಆಚೆ ರೈಡರ್‌ಗೆ ಹೆಚ್ಚಿನ ಅಂಕ ಕೊಡುವ ಬೋನಸ್ ಲೈನ್. ಅಂದರೆ ಬೋನಸ್ ಲೈನ್‌ನ ಹಿಂದೆ ನಮಗೆ ಉಳಿಯೋದು 1.75 ಮೀಟರ್ ಮಾತ್ರ. ಎರಡೂ ಬದಿಯ ಅಂಚಿನ ಪಟ್ಟಿ, ಅಂದರೆ ಲಾಬಿ, ಒಂದೊಂದು ಮೀಟರ್ ಬಿಟ್ಟರೆ ಅಗಲ ಎಂಟು ಮೀಟರ್. ಮುಟ್ಟುವುದು, ಹಿಡಿಯುವುದು ಆಗುವ ಮೊದಲು ಲಾಬಿಗೆ ಕಾಲಿಟ್ಟವನು ಔಟ್. ಇಷ್ಟು ಸಣ್ಣ ಜಾಗದಲ್ಲಿ ಏಳು ಜನ ಒಬ್ಬರಿಗೊಬ್ಬರು ಅಡ್ಡ ಬರದೆ ಓಡಾಡಬೇಕು, ಅದಕ್ಕೇ ಹೆಜ್ಜೆಯ ಲೆಕ್ಕ ಬೇಕಾಗೋದು.

ಈಗ ಕೆಲಸ ಹಂಚಿ. ರೈಡರ್ ಎಡ ಕಾರ್ನರ್ ಕಡೆ ಹೋದ ಅಂತಿಟ್ಟುಕೊಳ್ಳಿ. ಮೊದಲ ಕೈ ಕಾರ್ನರ್‌ನದ್ದು. ಅವನ ಪಕ್ಕದಲ್ಲಿ ನಿಲ್ಲುವವನು, ಅಂದರೆ ಇನ್, ರೈಡರ್‌ನ ಸೊಂಟಕ್ಕೆ ಹೋಗಬೇಕು. ನಡುವಿನ ಮೂವರು ರೈಡರ್ ಮೇಲೆ ಬೀಳಬಾರದು, ಅವನು ವಾಪಸ್ ಹೋಗುವ ದಾರಿಗೆ ಬೀಳಬೇಕು, ಅಂದರೆ ಅವನಿಗೂ ನಡುಗೆರೆಗೂ ಮಧ್ಯೆ. ಬಲಗಡೆಯ ಇಬ್ಬರು? ಒಂದೇ ಹೆಜ್ಜೆ ನಡುವಿಗೆ, ಅಷ್ಟೇ. ಹಿಡಿತ ಗಟ್ಟಿಯಾಗುವ ತನಕ ಅವರು ಅಲ್ಲೇ ಇರಬೇಕು. ಯಾಕೆಂದರೆ ಒಳ್ಳೆ ರೈಡರ್ ಎಡಕ್ಕೆ ಹೋಗುವ ಆಸೆ ತೋರಿಸಿ ಬಲಕ್ಕೆ ತಿರುಗಿ ಕೈ ಬೀಸುತ್ತಾನೆ, ಓಡಿ ಬಂದವರೆಲ್ಲ ಆ ಕೈಗೆ ಸಿಗುತ್ತಾರೆ. ರೈಡರ್ ಬಲಕ್ಕೆ ಹೋದರೆ ಇದನ್ನೇ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ.

ಮೊದಲ ವಾರ ಹಿಡಿಯೋದೇ ಬೇಡ. ರೈಡರ್ ನಡೆದುಕೊಂಡು ಬರಲಿ, ನೀವೂ ನಡೆದುಕೊಂಡೇ ಜಾಗ ಬದಲಿಸಿ. ಹುಡುಗರಿಗೆ ಬೇಜಾರಾಗುತ್ತದೆ, ನಮ್ಮವರೂ ಗೊಣಗಿದರು. ಬಿಡಬೇಡಿ. ಚೈನ್ ಒಡೆಯುತ್ತಾ ಇದ್ದರೆ ಒಂದು ಉಪಾಯ ಉಂಟು: ಜೋಡಿಗೊಂದು ಬೈರಾಸು (ಟವೆಲ್) ಕೊಡಿ, ಎರಡು ತುದಿಯನ್ನು ಇಬ್ಬರು ಹಿಡಿಯಲಿ. ಬೈರಾಸು ನೆಲಕ್ಕೆ ಜೋತು ಬಿದ್ದರೆ ಇಬ್ಬರೂ ತುಂಬ ಹತ್ತಿರ ಇದ್ದಾರೆ ಅಂತ ಅರ್ಥ, ಕೈಯಿಂದ ಜಾರಿದರೆ ಒಬ್ಬ ಮೊದಲೇ ಓಡಿದ್ದಾನೆ. ನಮ್ಮ ಎಡ ಕಾರ್ನರ್ ಮತ್ತು ಇನ್ ಮೊದಲ ಸಂಜೆ ಬೈರಾಸನ್ನು ಒಂಬತ್ತು ಸಲ ಬಿಟ್ಟರು. ಐದನೇ ಸಂಜೆ ಒಂದೇ ಸಲ. ಬೈರಾಸಿನ ನಡುಭಾಗ ಒಂದೇ ಎತ್ತರದಲ್ಲಿ ಆ ಕಡೆ ಈ ಕಡೆ ತೇಲುತ್ತಾ ಹೋಗೋದನ್ನು ನೋಡಿದಾಗ ನನಗೆ ಆದ ಖುಷಿ ಒಂದು ಸೂಪರ್ ಟ್ಯಾಕಲ್ ನೋಡಿದಾಗಲೂ ಆಗಿರಲಿಲ್ಲ.

ಎಲ್ಲಕ್ಕಿಂತ ಗಟ್ಟಿ ಕೆಲಸ ಹಳೆ ಅಭ್ಯಾಸ ಬಿಡಿಸೋದು. ನಮ್ಮ ಕಾರ್ನರ್‌ನ ಆಂಕಲ್ ಹೋಲ್ಡ್ ಈ ಭಾಗದಲ್ಲಿ ಹೆಸರುವಾಸಿ. ರೈಡರ್ ಒಳಗೆ ಬರುತ್ತಿದ್ದ ಹಾಗೆ ಹಾರಿ ಬೀಳುತ್ತಿದ್ದ. ಹಳೆ ಆಟದಲ್ಲಿ ಅದು ನಡೆಯುತ್ತಿತ್ತು. ಚೈನ್‌ನಲ್ಲಿ ಅವನು ಒಂದು ಕ್ಷಣ ಮೊದಲು ಹಾರಿದರೆ ನಡುವಿನ ಮೂವರು ಇನ್ನೂ ದಾರಿಗೆ ಬಂದಿರುವುದಿಲ್ಲ, ರೈಡರ್ ಕಾಲು ಎಳೆದುಕೊಂಡೇ ನಡುಗೆರೆ ಮುಟ್ಟುತ್ತಾನೆ. "ತಾಳ್ಮೆ ಇರಲಿ" ಅಂತ ಸುಮ್ನೆ ಹೇಳಿದರೆ ಪ್ರಯೋಜನ ಇಲ್ಲ, ಅವನಿಗೆ ಹಿಡಿಯಲು ಒಂದು ಗುರುತು ಕೊಡಬೇಕು. ನಾವು ಕೊಟ್ಟದ್ದು ಇದು: ರೈಡರ್ ಬರುವಾಗ ಹಿಡಿಯಬೇಡ, ತಿರುಗುವಾಗ ಹಿಡಿ. ತಿರುಗುವಾಗ ಅವನ ಭಾರವೆಲ್ಲ ಒಂದೇ ಕಾಲಿನ ಮೇಲಿರುತ್ತದೆ. ಅದನ್ನು ತಿಳಿಯಲು ಅವನ ಕೈಯನ್ನೂ ಕಣ್ಣನ್ನೂ ನೋಡಬಾರದು, ಸೊಂಟ ನೋಡಬೇಕು. ಕೈ ಸುಳ್ಳು ಹೇಳಬಹುದು, ಸೊಂಟಕ್ಕೆ ಅಷ್ಟು ಸುಲಭದಲ್ಲಿ ಆಗುವುದಿಲ್ಲ.

ಇನ್ನು ಕೂಗಿನ ವಿಷಯ. ಗಡಿನಾಡಿನ ತಂಡಗಳಿಗೆ ಇದು ವಿಶೇಷ ತಲೆನೋವು ಮಾರಾಯ್ರೆ. ನಮ್ಮ ಏಳು ಜನರಲ್ಲಿ ಮೂವರ ಮನೆಮಾತು ತುಳು, ಇಬ್ಬರದು ಮಲಯಾಳ, ಇಬ್ಬರದು ಕನ್ನಡ. ಮಾಮೂಲಿ ಮಾತಿಗೆ ತೊಂದರೆ ಇಲ್ಲ, ಎಲ್ಲರಿಗೂ ಎಲ್ಲ ಭಾಷೆ ಬರುತ್ತದೆ. ಆದರೆ ಗಾಬರಿಯಲ್ಲಿ ಬಾಯಿಗೆ ಬರೋದು ಮನೆಮಾತೇ. ಒಂದು ಪಂದ್ಯದಲ್ಲಿ ಒಬ್ಬ "ಬೊಡ್ಚಿ" ಅಂದ, ಇನ್ನೊಬ್ಬ "ವೇಂಡ" ಅಂದ, ನಾನು "ಬೇಡ" ಅಂದೆ. ಮೂರರ ಅರ್ಥ ಒಂದೇ, ಆದರೆ ಎಲ್ಲ ಒಟ್ಟಿಗೆ ಕೇಳಿ ಸೆಂಟರ್‌ನವನು ಗೊಂದಲದಲ್ಲಿ ಮುಂದೆ ಹೋಗಿಬಿಟ್ಟ. ಆಮೇಲೆ ಹಿಡಿಯಲು "ಲಾಕ್", ಬೇಡ ಅನ್ನಲು "ಬ್ಯಾಕ್" ಅಂತ ಎರಡು ಶಬ್ದ ಇಟ್ಟೆವು. ಮೈಕಿನ ಗದ್ದಲದಲ್ಲಿ ಅವೆರಡೂ ಒಂದೇ ತರ ಕೇಳಿಸಿದವು! ಈಗ "ಲಾಕ್" ಮತ್ತು "ನೋ". ಕೂಗುವುದು ಒಬ್ಬನೇ, ಸೆಂಟರ್‌ನಲ್ಲಿ ನಿಂತವನು. ಅವನು ಔಟಾಗಿ ಹೊರಗಿದ್ದರೆ ಯಾರು ಕೂಗಬೇಕು ಅಂತಲೂ ಮೊದಲೇ ನಿಶ್ಚಯ ಮಾಡಿ.

ಎರಡನೇ ವಾರದಿಂದ ಜನ ಕಡಿಮೆ ಮಾಡಿ ಆಡಿ. ಹೆಚ್ಚಿನ ತಂಡಗಳು ಇಲ್ಲೇ ಎಡವುತ್ತವೆ, ಅಭ್ಯಾಸ ಪೂರ್ತಿ ಏಳು ಜನರಲ್ಲೇ ಮಾಡುತ್ತವೆ. ಪಂದ್ಯದಲ್ಲಿ ಏಳೂ ಜನ ಅಂಕಣದಲ್ಲಿ ಇರುವುದು ಎಷ್ಟು ಹೊತ್ತು ಹೇಳಿ? ಆರು ಜನ ಇರುವ ತನಕ ಬೋನಸ್ ಉಂಟು, ಹಾಗಾಗಿ ಕಾರ್ನರ್‌ಗಳು ಬೋನಸ್ ಗೆರೆ ಕಾಯಬೇಕು. ಐವರಾದರೆ ಬೋನಸ್ ಇಲ್ಲ, ಆಗ ಆ ಚಿಂತೆ ಬಿಟ್ಟು ರೈಡರ್‌ನನ್ನು ಇನ್ನೂ ಒಳಗೆ ಬರಲು ಬಿಡಬಹುದು. ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಜಾಸ್ತಿ. ಮೂವರಿದ್ದಾಗ ಚೈನ್ ಕಟ್ಟಲು ಹೋಗಬೇಡಿ ಅನ್ನೋದು ನನ್ನ ಅಭಿಪ್ರಾಯ. ಎರಡು ಕಾರ್ನರ್, ನಡುವೆ ಒಬ್ಬ, ಹಳೆ ಆಟವನ್ನೇ ಆಡಲಿ. ನಮ್ಮ ಕಾರ್ನರ್‌ನ ಹಾರುವ ಆಂಕಲ್ ಹೋಲ್ಡ್ ಈಗ ಅಲ್ಲಿ ಕೆಲಸಕ್ಕೆ ಬರುತ್ತದೆ. ಹಳೆಯದಕ್ಕೂ ಒಂದು ಜಾಗ ಇದೆ ಅಂತ ಗೊತ್ತಾದ ಮೇಲೆ ಅವನಿಗೂ ಹೊಸದನ್ನು ಕಲಿಯೋ ಮನಸ್ಸು ಬಂತು.

ಮೂರನೇ ವಾರ ಪೂರ್ತಿ ವೇಗ, ಹೊರಗಿನ ರೈಡರ್‌ಗಳು. ನಿಮ್ಮ ತಂಡದವರೇ ರೈಡ್ ಮಾಡಿದರೆ ಅವರಿಗೆ ಯೋಜನೆ ಗೊತ್ತಿರುತ್ತದೆ. ಪಕ್ಕದ ಊರಿನ ಇಬ್ಬರನ್ನು ಕರೆಯಿರಿ. ಅಂಕಣದ ಹಿಂದೆ, ತುಸು ಎತ್ತರದಲ್ಲಿ ಮೊಬೈಲ್ ಕಟ್ಟಿ ವೀಡಿಯೊ ಮಾಡಿ. ನೋಡುವಾಗ ಹಿಡಿದವನನ್ನು ನೋಡಬೇಡಿ, ದೂರದಲ್ಲಿ ನಿಂತ ಇಬ್ಬರ ಕಾಲು ನೋಡಿ. ತಪ್ಪು ಇರುವುದು ಅಲ್ಲೇ. ಟಿವಿಯಲ್ಲಿ ಪ್ರೊ ಕಬಡ್ಡಿ ನೋಡುವಾಗಲೂ ಹೀಗೇ ನೋಡಿ. 2018ರ ಜಕಾರ್ತ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ನಮ್ಮ ಪುರುಷರ ತಂಡವನ್ನು ಸೋಲಿಸಿದ್ದು ನಿಮಗೆ ನೆನಪಿರಬಹುದು. ಇರಾನಿನ ಫಜಲ್ ಅತ್ರಾಚಲಿ ಎಡ ಕಾರ್ನರ್‌ನಿಂದ ಕೈ ಹಾಕಿದಾಗ ಅವನ ಜತೆಯವರು ಎಲ್ಲಿದ್ದರು ಅಂತ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಒಂದು ಸಂಜೆಯ ಪಾಠ ಸಿಗುತ್ತದೆ.

ಪಂದ್ಯದಲ್ಲಿ ಹೊಸದನ್ನು ಎಲ್ಲಿಂದ ಶುರು ಮಾಡೋದು? ಡು ಆರ್ ಡೈ ರೈಡ್‌ನಿಂದ. ಎರಡು ರೈಡ್ ಸತತ ಖಾಲಿ ಹೋದ ಮೇಲೆ ಮೂರನೆಯದರಲ್ಲಿ ಅಂಕ ತರದಿದ್ದರೆ ರೈಡರ್ ಔಟ್, ಹಾಗಾಗಿ ಅವನೇ ನಿಮ್ಮ ಹತ್ತಿರ ಬರಲೇಬೇಕು. ಅವನ ಹತ್ತಿರ ಇರುವುದು 30 ಸೆಕೆಂಡ್. ನೀವು ಚೈನ್ ಬಿಡದೆ ಕಾಯ್ದರೆ ಸಾಕು. ನಮ್ಮ ಚೈನ್ ಮೊದಲ ಸಲ ಸರಿಯಾಗಿ ಮುಚ್ಚಿದ್ದು ಅಂಥದ್ದೇ ಒಂದು ರೈಡ್‌ನಲ್ಲಿ. ಕಾರ್ನರ್ ಕಾದ, ರೈಡರ್‌ನ ಸೊಂಟ ತಿರುಗಿತು, "ಲಾಕ್" ಅಂತ ಕೇಳಿತು. ರೈಡರ್ ಕಾಲು ಕೊಡವಿ ನೋಡುವಷ್ಟರಲ್ಲಿ ನಡುವಿನ ಮೂವರು ನಡುಗೆರೆಯ ಮುಂದೆ ನಿಂತಾಗಿತ್ತು, ಬಲಗಡೆಯ ಇಬ್ಬರು ಇನ್ನೂ ಕೈ ಹಿಡಿದುಕೊಂಡೇ ಇದ್ದರು.