ಇ.ಸಿ. ಕ್ಲೀನ್ ಇತ್ತು, ಹಿಂದಿನ ಕೋಣೆಯಲ್ಲಿ ಬಾಡಿಗೆಯವರಿದ್ದರು

ಮನೆ ಕೊಳ್ಳುತ್ತೇನೆ ಅಂದರೆ ಸಾಕು, ಎಲ್ಲರೂ ಮೊದಲು ಹೇಳುವುದು "ಇ.ಸಿ. ತೆಗೆಸಿ ನೋಡಿ" ಅಂತ. ಇ.ಸಿ. ಅಂದರೆ ಋಣಭಾರ ಪತ್ರ, ಆ ಆಸ್ತಿಯ ಮೇಲೆ ರಿಜಿಸ್ಟರ್ ಆದ ಮಾರಾಟ, ಅಡಮಾನಗಳ ಪಟ್ಟಿ. ನಾವೂ ತೆಗೆಸಿದೆವು. ಶಿವಮೊಗ್ಗದ ವಿನೋಬನಗರದ ಕಡೆ ಒಂದು ಹಳೇ ಹೆಂಚಿನ ಮನೆ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಕ್ಕಿತು. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಮಾರುವವರ ತಂದೆ ಎಂಬತ್ತರ ದಶಕದಲ್ಲಿ ಕೊಂಡದ್ದು ಒಂದು ನಮೂದು, ಅಷ್ಟೇ. ಆಮೇಲೆ ಮಾರಾಟವೂ ಇಲ್ಲ, ಅಡಮಾನವೂ ಇಲ್ಲ. "ಇದಕ್ಕಿಂತ ಕ್ಲೀನ್ ಬೇಕಾ ಸಾರ್?" ಅಂದ ಬ್ರೋಕರ್.

ಇ.ಸಿ.ಯಲ್ಲಿ ಬರುವುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಅಪ್ಪ ತೀರಿಕೊಂಡದ್ದು ಅದರಲ್ಲಿ ಬರುವುದಿಲ್ಲ. ಅವರಿಗೆ ಎಷ್ಟು ಮಕ್ಕಳು ಅನ್ನುವುದೂ ಬರುವುದಿಲ್ಲ. ಹಾಗಾಗಿ ನಾನು ಇ.ಸಿ. ಪಕ್ಕಕ್ಕಿಟ್ಟು, ಅದರಲ್ಲಿ ಇಲ್ಲದ್ದನ್ನು ಹುಡುಕಲು ಹೊರಟೆ.

ಖಾತೆ ಮಗನ, ಅಂದರೆ ಮಾರುವವರ ಹೆಸರಿಗೆ ಆಗಿತ್ತು. ಕಂದಾಯ ಕಟ್ಟುತ್ತಿದ್ದವರೂ ಅವರೇ. ಆದರೆ ಖಾತೆ ಇರುವುದು ಕಂದಾಯ ಯಾರು ಕಟ್ಟಬೇಕು ಅಂತ ತಿಳಿಯಲಿಕ್ಕೆ. ಅದರಿಂದ ಮಾಲೀಕತ್ವ ಬರುವುದಿಲ್ಲ. ನಾಡಕಚೇರಿಯಿಂದ ವಂಶವೃಕ್ಷ ತರಿಸಿ ಅಂದೆ. ಬಂತು. ಇಬ್ಬರು ಹೆಣ್ಣುಮಕ್ಕಳು, ಒಬ್ಬರು ತೀರ್ಥಹಳ್ಳಿಯಲ್ಲಿ, ಇನ್ನೊಬ್ಬರು ದಾವಣಗೆರೆಯಲ್ಲಿ. ತಂದೆ ಉಯಿಲು ಬರೆದಿರಲಿಲ್ಲ, ತಾಯಿಯೂ ಇರಲಿಲ್ಲ. ಸ್ವಂತ ದುಡಿಮೆಯಲ್ಲಿ ಮಾಡಿದ ಆಸ್ತಿ ಆದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೂವರಿಗೂ ಸಮಪಾಲು.

"ಮದುವೇಲಿ ಎಲ್ಲಾ ಕೊಟ್ಟಾಗಿದೆ, ಅವ್ರೇನೂ ಕೇಳಲ್ಲ" ಅಂದರು ಮಾರುವವರು. ನಮ್ಮ ಕಡೆ ಈ ಮಾತು ಕೇಳದ ಮನೆಯೇ ಇಲ್ಲ. ಮದುವೆಯಲ್ಲಿ ಕೊಟ್ಟ ಬಂಗಾರಕ್ಕೂ ಆಸ್ತಿಯ ಹಕ್ಕಿಗೂ ಸಂಬಂಧವಿಲ್ಲ. ದಾವಣಗೆರೆಯ ತಂಗಿಯಿಂದ ಜಿಪಿಎ (ಅವರ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ತರಿಸುತ್ತೇನೆ ಅಂದರು. ನೋಂದಾಯಿತ ಜಿಪಿಎ ತಪ್ಪೇನಲ್ಲ. ಆದರೂ ನಾನು ಒಪ್ಪಲಿಲ್ಲ. ನಾಳೆ "ಅಣ್ಣ ಎಲ್ಲಿ ಅಂದನೋ ಅಲ್ಲಿ ಸೈನ್ ಹಾಕಿದೆ, ನಂಗೇನೂ ಗೊತ್ತಿಲ್ಲ" ಅಂತ ಅವರು ಹೇಳಿದರೆ ಕೋರ್ಟಿಗೆ ಅಲೆಯುವವನು ನಾನು. ಇಬ್ಬರೂ ಬಂದು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಅವರ ಪಾಲಿನ ದುಡ್ಡು ಅವರವರ ಬ್ಯಾಂಕ್ ಖಾತೆಗೇ ಚೆಕ್‌ನಲ್ಲಿ ಹೋಗಬೇಕು ಅಂದೆ. ತೀರ್ಥಹಳ್ಳಿಯ ಅಕ್ಕ ಫೋನ್‌ನಲ್ಲಿ ಕೇಳಿದ್ದು ಒಂದೇ: "ಚೆಕ್ ನನ್ ಹೆಸರಿಗೇ ಬರುತ್ತಾ?" ಏನೂ ಕೇಳುವುದಿಲ್ಲ ಅಂತ ಹೇಳಿದ್ದು ಇವರ ಬಗ್ಗೆಯೇ!

ಮೂಲ ಪತ್ರ ತೋರಿಸಿ ಅಂದಾಗ ಮೊದಲು ಬಂದದ್ದು ಜೆರಾಕ್ಸ್. ಒರಿಜಿನಲ್ ಪರಿಚಯದವರೊಬ್ಬರ ಬೀರುವಿನಲ್ಲಿತ್ತು, ಕೈಸಾಲಕ್ಕೆ ಒತ್ತೆಯಾಗಿ. ಇಂಥದ್ದೂ ಇ.ಸಿ.ಯಲ್ಲಿ ಕಾಣುವುದಿಲ್ಲ. ಮುಂಗಡದ ಒಂದು ಭಾಗವನ್ನು ನೇರವಾಗಿ ಸಾಲ ಕೊಟ್ಟವರಿಗೇ ಕೊಟ್ಟು, ಪತ್ರ ಬಿಡಿಸಿಕೊಂಡು, ಅದನ್ನು ಅಗ್ರಿಮೆಂಟ್‌ನಲ್ಲಿ ಬರೆಸಿದೆವು. ಇ-ಕೋರ್ಟ್ಸ್ ಜಾಲತಾಣದಲ್ಲಿ ಮೂವರ ಹೆಸರೂ ಹಾಕಿ ಕೇಸ್ ಏನಾದರೂ ಇದೆಯಾ ನೋಡಿದೆ. ಸ್ಥಳೀಯ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟೆ. ಯಾರೂ ತಕರಾರು ತರಲಿಲ್ಲ.

ಉಳಿದದ್ದು ಬಾಡಿಗೆಯವರು. ಹಿಂದಿನ ಎರಡು ಕೋಣೆಗಳಲ್ಲಿ ಒಂದು ಟೈಲರ್ ಕುಟುಂಬ. "ಅವ್ರನ್ನ ಬಿಡಿಸೋದು ನನ್ ಜವಾಬ್ದಾರಿ, ನೀವು ಸುಮ್ನೆ ರಿಜಿಸ್ಟರ್ ಮಾಡಿಸ್ಕೊಳಿ" ಅಂದರು ಮಾರುವವರು. ಹಾಗೆ ಆಗುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ ಕೊಂಡವನು ಹಳೇ ಮಾಲೀಕನ ಜಾಗಕ್ಕೆ ಬರುತ್ತಾನೆ, ಬಾಡಿಗೆದಾರರ ಸಮೇತ. ಬೀಗ ಹಾಕಿ, ಕರೆಂಟ್ ತೆಗೆಸಿ ಹೊರಗೆ ಹಾಕಿದರೆ ಅವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು. ನಾನೇ ಮಾಲೀಕ ಅನ್ನುವ ವಾದ ಆ ದಾವೆಯಲ್ಲಿ ನಡೆಯುವುದಿಲ್ಲ. ಬಾಡಿಗೆ ತೀರಾ ಕಡಿಮೆ ಇದ್ದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆಯೂ ಇರಬಹುದು.

ಒಂದು ಸಂಜೆ ಹೋಗಿ ಅವರ ಹತ್ತಿರ ಕೂತೆ. ಕಟಿಂಗ್ ಟೇಬಲ್ ಮೇಲಿನ ಬಟ್ಟೆ ಸರಿಸಿ ಆ ಅಮ್ಮ ಚಹಾ ಇಟ್ಟರು. ಅಗ್ರಿಮೆಂಟ್ ಇದೆಯಾ ಕೇಳಿದೆ. ಹನ್ನೊಂದು ತಿಂಗಳದ್ದು, ಎಂದೋ ಮುಗಿದಿತ್ತು. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಊರೆಲ್ಲ ಹನ್ನೊಂದು ತಿಂಗಳು ಬರೆಸುವುದು. ಅಡ್ವಾನ್ಸ್ ಎಷ್ಟು ಅಂದರೆ, ಹೊಲಿಗೆ ಅಳತೆ ಬರೆಯುವ ಪುಸ್ತಕದ ಕೊನೇ ಪುಟ ತೆಗೆದು ತೋರಿಸಿದರು. ಅರವತ್ತು ಸಾವಿರ, ಕೆಳಗೆ ತೀರಿಕೊಂಡ ಮನೆ ಮಾಲೀಕರ ಸಹಿ. ಅವರ ಮಗನನ್ನು ಕೇಳಿದಾಗ ಮೂವತ್ತು ಸಾವಿರ ಅಂದಿದ್ದರು!

ಅಲ್ಲಿಗೆ ನಾನು ಬಿಡಿಸುವ ವಿಚಾರವನ್ನೇ ಬಿಟ್ಟೆ. ಆ ಕೋಣೆಗಳು ನಮಗೆ ಸದ್ಯಕ್ಕೆ ಬೇಕಿರಲಿಲ್ಲ. ಮನೆ ಬೆಲೆಯಲ್ಲಿ ಅರವತ್ತು ಸಾವಿರ ಹಿಡಿದುಕೊಂಡು, ಅಡ್ವಾನ್ಸ್ ಹಿಂದಿರುಗಿಸುವ ಹೊಣೆ ನನ್ನದು ಅಂತ ಮೂರೂ ಕಡೆಯವರು ಸಹಿ ಹಾಕಿದ ಪತ್ರ ಮಾಡಿಸಿದೆವು. ಇಂಥ ತಾರೀಖಿನಿಂದ ಬಾಡಿಗೆ ಹೊಸ ಮಾಲೀಕರಿಗೆ ಅಂತಲೂ ಅದರಲ್ಲೇ ಇದೆ. ನೀವು ಕೊಳ್ಳುವ ಮನೆಯಲ್ಲಿ ಬಾಡಿಗೆಯವರಿದ್ದು, ಖಾಲಿ ಮನೆಯೇ ಬೇಕಿದ್ದರೆ, ಬೀಗದ ಕೈ ಸಿಗುವವರೆಗೆ ರಿಜಿಸ್ಟರ್ ಮಾಡಿಸಬೇಡಿ. ದುಡ್ಡು ಪೂರ್ತಿ ಕೈಗೆ ಬಂದ ಮೇಲೆ ಮಾರಿದವರಿಗೆ ಯಾವ ಅವಸರವೂ ಇರುವುದಿಲ್ಲ.

ನೋಂದಣಿಯ ದಿನ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇ-ಖಾತೆ (ಖಾತೆಯ ಡಿಜಿಟಲ್ ರೂಪ) ಮೊದಲೇ ಮಾಡಿಸಿದ್ದೆವು, 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿ ಇಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗಿದೆ. ಸ್ಟಾಂಪ್ ಡ್ಯೂಟಿ 5, ನೋಂದಣಿ ಶುಲ್ಕ, ಸೆಸ್ಸು ಸರ್ಚಾರ್ಜು ಎಲ್ಲ ಸೇರಿ 7.6 ಪರ್ಸೆಂಟ್ ಹತ್ತಿರ ಬರುತ್ತದೆ. ಬಜೆಟ್ ಹಾಕುವಾಗ ಇದನ್ನು ಸೇರಿಸಿಕೊಳ್ಳಿ.

ಊರ ಹೊರಗೆ ಅಥವಾ ಸಾಗರ, ಹೊಸನಗರದ ಕಡೆ ಜಾಗ ನೋಡುವವರಿಗೆ ಇಷ್ಟು ಸಾಲದು. ಅದು ಸರ್ಕಾರ ಮಂಜೂರು ಮಾಡಿದ ಜಮೀನಾ ನೋಡಿ. ಪರಿಶಿಷ್ಟರಿಗೆ ಮಂಜೂರಾದದ್ದಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಶರಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ಜಮೀನು ಮುಳುಗಿದವರಿಗೆ ಕೊಟ್ಟ ಜಮೀನಾದರೆ ಹಕ್ಕುಪತ್ರವನ್ನೂ ಅರಣ್ಯದ ದಾಖಲೆಯನ್ನೂ ಎದುರುಬದುರು ಇಟ್ಟು ನೋಡಬೇಕು. ಅದಕ್ಕೆ ಆ ತಾಲ್ಲೂಕಿನ ವಕೀಲರೇ ಸರಿ.

ಟೈಲರ್ ಅಂಕಲ್‌ಗೆ ಈಗ ಹೊಸ ಹನ್ನೊಂದು ತಿಂಗಳ ಅಗ್ರಿಮೆಂಟ್ ಇದೆ, ಬಾಡಿಗೆ ಬ್ಯಾಂಕಿಗೆ ಬರುತ್ತದೆ. ಮೆಸ್ಕಾಂ ಕರೆಂಟ್ ಮೀಟರ್ ಮಾತ್ರ ಇನ್ನೂ ಹಳೇ ಯಜಮಾನರ ಹೆಸರಿನಲ್ಲೇ ಇದೆ, ಅರ್ಜಿ ಕೊಟ್ಟಿದ್ದೇನೆ.